ಪುಟ್ಟೀರಮ್ಮ ಮಗನಿಗೆ ಬುದ್ಧಿ ಹೇಳಿದ್ದು

ಹೂಂಗುಟ್ಟೋರು ಮುಂದೆ ಬನ್ನಿ, ಆಕಳಿಸೋರು ಗೋಡೆ ಕಡೆ ಸರೀರಿ. ನಾನೀಗ ಹೇಳೋದು ಬೇವಿನಕೊಪ್ಪಲಿನ ಪುಟ್ಟೀರಮ್ಮನ ಕತೆ, ಅವಳ ಹೊಟ್ಟೇಲಿ ಹುಟ್ಟಿದ ಸಿದ್ದನ ಕತೆ.

ಪುಟ್ಟೀರಮ್ಮ ಪುರಿ ಹುರಿಯೋಳು. ಮನೆ ಮುಂದೆ ಒಂದು ಚಪ್ಪರ, ಚಪ್ಪರದ ಕೆಳಗೆ ಒಲೆ, ಒಲೆ ಮೇಲೆ ಮರಳು ತುಂಬಿದ ಬಾಣಲೆ. ಕಾದ ಮರಳಿಗೆ ಅಕ್ಕಿ ಸುರಿದರೆ ಚಟಪಟ ಅರಳಿ ಪುರಿಯಾಗೋದು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಉಳಿದವನು ಮಗ ಒಬ್ಬ. ಪುರಿ ಕೊಳ್ಳೋಕೆ ಬಂದ ಹೆಂಗಸರು, "ಒಬ್ಬನೇ ಮಗನಾ ಪುಟ್ಟೀರವ್ವ?" ಅಂತ ಕೇಳಿದರೆ, "ಒಬ್ಬನೇ ಕಣವ್ವ. ಇನ್ನೊಬ್ಬ ಇದ್ದಿದ್ರೆ ಇಷ್ಟೊತ್ತಿಗೆ ನಾನಿರ್ತಿರಲಿಲ್ಲ" ಅನ್ನೋಳು.

ಸಿದ್ದನಿಗೆ ಕಾಲು ಒಂದು ಕಡೆ ನಿಲ್ಲೋದಿಲ್ಲ. ಬೇರೆಯವರ ಮಕ್ಕಳನ್ನ ಬಡಿದು ಎಬ್ಬಿಸಬೇಕು, ಇವನು ಕೋಳಿಗಿಂತ ಮುಂಚೆ ಎದ್ದು ಕೋಳೀನೇ ಎಬ್ಬಿಸೋನು. ಬೇರೆಯವರ ಮಕ್ಕಳಿಗೆ ಒಂದು ಕೆಲಸ ಹೇಳಿದರೆ ಅಲ್ಲೇ ಗೊಣಗುತ್ತಾ ಕೂರುತ್ತವೆ, ಇವನು ಅವ್ವನ ಬಾಯಿ ಮುಚ್ಚೋದರೊಳಗೆ ಬೀದಿ ಕೊನೇಲಿ ಇರೋನು. ಅವ್ವನ ಮಾತು ಮೀರಿದವನೇ ಅಲ್ಲ. ಅವಳ ಬಾಯಿಂದ ಮಾತು ಹೇಗೆ ಬಿತ್ತೋ ಹಾಗೇ ಎತ್ತಿಕೊಂಡು ಹೋಗಿ, ಹಾಗೇ ಮಾಡಿ ಬರೋನು.

"ಮಾತು ಕೇಳದ ಮಕ್ಕಳನ್ನ ಹೆತ್ತೋರು ಅಳ್ತಾರೆ" ಅಂತ ಪುಟ್ಟೀರಮ್ಮ ಹಿಂದಿನ ಬೀದಿ ಚೌಡಮ್ಮನ ಹತ್ತಿರ ಹೇಳೋಳು. "ಅವರಿಗೇನು ಗೊತ್ತು. ನನ್ನ ಮಗ ಕೇಳ್ತಾನೆ. ಒಂದಕ್ಷರ ಬಿಡದೆ ಕೇಳ್ತಾನೆ. ಅದಕ್ಕೇ ನನ್ನ ಕೂದಲು ಹಿಂಗೆ ಬೆಳ್ಳಗಾಗಿರೋದು."

ಒಂದು ದಿನ ಚೌಡಮ್ಮನಿಗೆ ಪುರಿ ಬೇಕಾಗಿತ್ತು. ಚೌಡಮ್ಮನ ಹಿತ್ತಿಲಲ್ಲಿ ಕುಂಬಳಕಾಯಿ ಬಿಟ್ಟಿತ್ತು. ಪುಟ್ಟೀರಮ್ಮ ಮಗನ ತಲೆ ಮೇಲೆ ಪುರಿ ಗಂಟು ಇಟ್ಟು, "ಚೌಡಮ್ಮ ಏನಾದ್ರೂ ಕೊಟ್ಟೇ ಕೊಡ್ತಾಳೆ. ಬರೋವಾಗ ಕೈ ಬೀಸ್ಕೊಂಡು ಬಂದೀಯ, ಹುಷಾರು" ಅಂದಳು.

ಸಿದ್ದ ಓಡಿದ. ಪುರಿ ಕೊಟ್ಟ. ಹಿಂದಕ್ಕೆ ಹೊರಡೋವಾಗ ನೋಡಿಕೊಂಡ, ಓಡೋವಾಗ ಕೈ ತಾನಾಗಿ ಬೀಸುತ್ತೆ. ಏನು ಮಾಡೋದು. ಹೆಗಲ ಮೇಲಿದ್ದ ಟವಲ್ಲನ್ನ ಚೌಡಮ್ಮನ ಕೈಗೆ ಕೊಟ್ಟು, "ಚೌಡತ್ತೆ, ನನ್ನ ಎರಡೂ ಕೈ ಸೊಂಟಕ್ಕೆ ಬಿಗಿಯಾಗಿ ಕಟ್ಟು" ಅಂದ. ಅವಳಿಗೆ ನಗು. ನಗ್ತಾ ನಗ್ತಾ ಕಟ್ಟಿದಳು. ಹಾಗೇ ಓಡಿ ಬಂದ. ದಾರೀಲಿ ಒಂದು ಸಲ ಮುಗ್ಗರಿಸಿದ. ಊರೋಕೆ ಕೈಯಿಲ್ಲ. ಮೂತಿ ಹೋಗಿ ಚರಂಡಿಗೆ ಬಿತ್ತು.

ಕೆಸರು ಮೂತಿ ಹೊತ್ತು ಮುಂದೆ ನಿಂತವನನ್ನ ಪುಟ್ಟೀರಮ್ಮ ಕೇಳಿದಳು. "ಚೌಡಮ್ಮ ಏನೂ ಕೊಡಲಿಲ್ವೇನ್ಲಾ?"

"ಕುಂಬಳಕಾಯಿ ಕೊಡಕ್ಕೆ ಬಂದ್ಲು ಕಣವ್ವ. ಈಸ್ಕೊಳ್ಳೋಕೆ ಕೈ ಎಲ್ಲಿತ್ತು? ನೀನು ಬೀಸಬೇಡ ಅಂದಿದ್ಯಲ್ಲ, ಕಟ್ಟಿಸ್ಕೊಂಡಿದ್ದೆ."

ಪುಟ್ಟೀರಮ್ಮ ಹಣೆ ಮುಟ್ಟಿಕೊಂಡಳು. "ಮಂಕೇ. ಮಂಕು ಮುಂಡೇದೇ. ಬರಿಗೈಲಿ ಬರಬೇಡ ಅಂತ ಕಣ್ಲಾ ನಾನು ಹೇಳಿದ್ದು. ಇನ್ಮೇಲೆ ಯಾರು ಏನೇ ಕೊಟ್ರೂ ಎರಡೂ ಕೈಲಿ ಗಟ್ಟಿಯಾಗಿ ಹಿಡ್ಕೋಬೇಕು, ಮನೆ ಸೇರೋ ತನಕ ಸಡಿಲ ಬಿಡಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು ಕಣವ್ವ" ಅಂದ ಸಿದ್ದ. ಯಾವತ್ತೂ ಗೊತ್ತಾಗಲಿಲ್ಲ ಅಂದವನೇ ಅಲ್ಲ ಅವನು.

ಸ್ವಲ್ಪ ದಿನ ಕಳೀತು. ಮನೆ ಹೇಂಟೆ ಕಾವಿಗೆ ಕೂತಿತು. ಚೌಡಮ್ಮನ ಮನೇಲಿ ಒಳ್ಳೆ ಜಾತಿ ಮೊಟ್ಟೆ ಇದ್ದವು. "ಚೌಡಮ್ಮ ಮೊಟ್ಟೆ ಕೊಡ್ತಾಳೆ, ಈಸ್ಕೊಂಡು ಬಾರ್ಲಾ" ಅಂದಳು ಪುಟ್ಟೀರಮ್ಮ. ಇವನು ಹೋದ. ಅವಳು ಕೈಗೆ ಇಟ್ಟಳು. ಇವನು ಎರಡೂ ಕೈಲಿ ಗಟ್ಟಿಯಾಗಿ ಹಿಡಿದ. ಬೀದಿ ಉದ್ದಕ್ಕೂ ಒಂದೇ ಓಟ. ಮನೆಗೆ ಬರೋ ಹೊತ್ತಿಗೆ ಮೊಣಕೈ ತನಕ ಹಳದಿ ಇಳೀತಿತ್ತು, ಬೀದಿ ನಾಯಿ ಹಿಂದೆ ನೆಕ್ಕೊಂಡು ಬರ್ತಿತ್ತು.

"ಮೊಟ್ಟೆ ಎಲ್ಲಿ?"

"ಇಲ್ಲೇ ಅದೆ ಕಣವ್ವ" ಅಂತ ಕೈ ಬಿಚ್ಚಿದ. ಚಿಪ್ಪಿತ್ತು. "ನಾನು ಗಟ್ಟಿಯಾಗೇ ಹಿಡಿದಿದ್ದೆ. ಅವೇ ಸಡಿಲ ಆಗೋದ್ವು."

"ಥೂ, ನಿನ್ನ ಬುದ್ಧಿಗಿಷ್ಟು. ಆ ಹೇಂಟೆಗಿರೋ ತಲೆ ನಿನಗಿಲ್ವಲ್ಲೋ" ಅಂತ ಪುಟ್ಟೀರಮ್ಮ ಅವನ ಕೈ ತೊಳೆದಳು. "ಎಳೆ ಮಗೂನ ಹೆಂಗೆ ಎತ್ಕೊಂಡು ಬರ್ತಾರೆ? ಬಟ್ಟೆ ಸುತ್ತಿ, ಎದೆಗೆ ಆನಿಸ್ಕೊಂಡು, ಮೆತ್ತಗೆ, ನೋವಾಗದ ಹಾಗೆ. ಹಂಗೆ ತರಬೇಕು ಕಣ್ಲಾ."

"ಗೊತ್ತಾಯ್ತು ಕಣವ್ವ."

ಆಮೇಲೆ ಚಪ್ಪರದ ಕಂಬ ಓಲಾಡೋಕೆ ಶುರುವಾಯ್ತು. ಹೊಸ ಗುಂಡಿ ತೋಡಬೇಕು. ಹಾರೆ ಮೊಂಡಾಗಿತ್ತು, ತುದಿ ಚೂಪು ಮಾಡೋಕೆ ಕುಲುಮೆಗೆ ಕೊಟ್ಟಿದ್ದಳು. "ಆಚಾರ್ರು ಹಾರೆ ಹಣಿದಿಟ್ಟಿರ್ತಾರೆ, ತಗೊಂಡು ಬಾ" ಅಂದಳು. ಅಂದವಳು ಒಳಗೆ ಹೋದಳು. ಸಿದ್ದ ಹಿತ್ತಿಲಿಗೆ ಹೋದದ್ದು ಅವಳಿಗೆ ಗೊತ್ತಾಗಲಿಲ್ಲ.

ಬಿಸಿಲು ಏರಿತು, ಸಿದ್ದ ಇಲ್ಲ. ಬಿಸಿಲು ಇಳೀತು, ಸಿದ್ದ ಇಲ್ಲ. ಓಡಿ ಬರೋ ಹುಡುಗ ಯಾಕೆ ಬರಲಿಲ್ಲ ಅಂತ ಪುಟ್ಟೀರಮ್ಮ ಬೀದಿಗೆ ಬಂದು ನೋಡಿದರೆ, ಬೀದಿಯ ಆ ಕೊನೇಲಿ ಜನ ನಿಂತು ನಗ್ತಾ ಇದ್ದಾರೆ. ಜನರ ನಡುವೆ ಸಿದ್ದ ಒಂದೊಂದೇ ಹೆಜ್ಜೆ ಇಟ್ಟು ಬರ್ತಾ ಇದ್ದಾನೆ. ತನಗಿಂತ ಉದ್ದದ ಹಾರೇನ ಸೀರೇಲಿ ಸುತ್ತಿ, ತೋಳಲ್ಲಿ ಅಡ್ಡ ಮಲಗಿಸಿಕೊಂಡು, ಜೋ ಜೋ ಅಂತ ತೂಗ್ತಾ ಇದ್ದಾನೆ. ಯಾರೋ ಒಬ್ಬ, "ಮಗು ಯಾರ ಹಾಗಿದೆಯೋ?" ಅಂತ ಕೇಳಿದ. ಸಿದ್ದ ಉಶ್ ಅಂತ ಕಣ್ಣಲ್ಲೇ ಸುಮ್ಮನಿರು ಅಂದ.

ಸುತ್ತಿದ್ದ ಸೀರೆ ಪುಟ್ಟೀರಮ್ಮನದು. ನೆಂಟರಿಷ್ಟರು ಬಂದರೆ ಉಡೋಕೆ ಅಂತ ಇಟ್ಟುಕೊಂಡಿದ್ದ ಒಂದೇ ಒಂದು ಒಳ್ಳೆ ಸೀರೆ, ಒಗೆದು ಹಿತ್ತಿಲ ಹಗ್ಗದ ಮೇಲೆ ಹಾಕಿದ್ದಳು. ಈಗ ಹಾರೆಯ ಚೂಪು ತುದಿ ಅದರ ಸೆರಗಿಂದ ಹೊರಗೆ ಇಣುಕ್ತಾ ಇತ್ತು.

"ಅಯ್ಯೋ ಬೆಪ್ಪೇ" ಅಂದಳು ಅವಳು. ಆಮೇಲೆ ಬೀದಿ ಜನರ ಮುಂದೆಯೇ, "ನೋಡಿ, ಚೆನ್ನಾಗಿ ನೋಡಿ, ನಾನು ಹೆತ್ತಿದ್ದು ಇದನ್ನ" ಅಂತ ತೋರಿಸಿದಳು. ಮನೆಗೆ ಎಳೆದುಕೊಂಡು ಹೋಗಿ ಬುದ್ಧಿ ಹೇಳಿದಳು. "ಉದ್ದದ ಸಾಮಾನನ್ನ ಹೆಗಲ ಮೇಲೆ ಹೊತ್ಕೋಬೇಕು. ಯಾರಿಗೂ ತಾಗಬಾರದು, ದಾರಿ ಬಿಡಿ ದಾರಿ ಬಿಡಿ ಅಂತ ಕೂಗ್ತಾ ಬಿರಬಿರನೆ ಬರಬೇಕು. ಇನ್ನೊಂದು ಸಲ ಹಿಂಗೆ ಮೆರವಣಿಗೆ ಮಾಡಿದ್ರೆ ನಿನ್ನನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ."

ಈ ಕೊನೇ ಮಾತನ್ನ ಅವಳು ದಿನಾ ಆಡೋಳು. ಪುರಿ ಅಳೆಯೋವಾಗ, ನೀರು ಸೇದೋವಾಗ, ಬೇಕಾದವರು ಕರ್ಕೊಂಡು ಹೋಗಿ, ನನಗೆ ಬೇಡ ಅನ್ನೋಳು. ಕೇಳಿದವರು ನಕ್ಕು ಹೋಗೋರು.

ಹೀಗಿರೋವಾಗ ಹಾಲಗೆರೆಯಿಂದ ಸಮಾಚಾರ ಬಂತು. ಹಾಲಗೆರೆಯಲ್ಲಿ ಅವಳ ಅಣ್ಣ ಜವರಯ್ಯ ಇದ್ದ. ಬಾವಿ ನೀರಿನ ಗದ್ದೆ, ಕೊಟ್ಟಿಗೆ ತುಂಬ ದನ, ಹಾಲು ಕರೆಯೋ ಎಮ್ಮೆ ಎಲ್ಲ ಇದ್ದವು, ಮಕ್ಕಳು ಮಾತ್ರ ಇರಲಿಲ್ಲ. ಅವನು, ಅವನ ಹೆಂಡತಿ ಸಾಕಮ್ಮ ಇಬ್ಬರೂ ಯೋಚನೆ ಮಾಡಿ ಹೇಳಿಕಳಿಸಿದ್ದರು. ತಂಗಿ, ನಿನ್ನ ಮಗನನ್ನ ನಮಗೆ ಕೊಡು, ನಮ್ಮ ಮನೆ ಮಗನಾಗಿ ಬೆಳೀಲಿ, ಸೋಮವಾರ ಬಂದು ಹುಡುಗನನ್ನ ನೋಡ್ತೀವಿ ಅಂತ.

"ದೇವರು ಕೊನೆಗೂ ಕಿವಿ ತೆಗೆದ ಕಣೆ ಚೌಡಮ್ಮ" ಅಂದಳು ಪುಟ್ಟೀರಮ್ಮ. "ಅಲ್ಲಾದ್ರೆ ಎರಡು ಹೊತ್ತು ಹಾಲು ಮೊಸರು. ಇಲ್ಲಿ ಏನಿದೆ, ಹೊಗೆ."

"ಕೊಟ್ಟುಬಿಡ್ತೀಯಾ?"

"ಕೊಡದೆ? ಬಿಟ್ಟಿ ಸಿಕ್ಕಿದ್ರೂ ಯಾರೂ ಒಯ್ಯದಂಥದ್ದನ್ನ ಅವರಾಗಿ ಕೇಳ್ತಾವ್ರೆ." ಹಾಗಂದಳು, ಆದರೆ ಅವತ್ತು ಬಾಣಲೆ ಮುಂದೆ ಕೂತವಳು ಕೈ ಆಡಿಸೋದನ್ನೇ ಮರೆತಳು. ಒಂದು ಸುತ್ತಿನ ಪುರಿ ಪೂರ್ತಿ ಕರಕಲಾಯ್ತು. ಅದಕ್ಕೂ ಸಿದ್ದನನ್ನೇ ಬೈದಳು.

ಸೋಮವಾರ ಬಂತು. ಪುಟ್ಟೀರಮ್ಮ ಮಗನ ತಲೆಗೆ ಎಣ್ಣೆ ಒತ್ತಿ, ಕ್ರಾಪು ಬಾಚಿ, ಗಲ್ಲ ಹಿಡಿದು ಹೇಳಿದಳು. "ನೋಡು, ಮಾವ ಅತ್ತೆ ಬರ್ತಾರೆ. ನೀನು ಬಾಯಿ ಬಿಟ್ರೆ ಬಂಡವಾಳ ಬಯಲಾಗುತ್ತೆ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ಒಂದು ಮಾತೂ ಹೆಚ್ಚಿಗೆ ಆಡಬೇಡ."

"ಗೊತ್ತಾಯ್ತು ಕಣವ್ವ."

ಅವರು ಬರೋದು ಮಧ್ಯಾಹ್ನದ ಬಸ್ಸಿಗೆ ಅಂತ ಅವಳ ಲೆಕ್ಕ. ಅತ್ತಿಗೆ ಮುಂದೆ ಹರಕು ಸೀರೇಲಿ ನಿಲ್ಲೋದು ಹೇಗೆ, ಒಳ್ಳೇ ಸೀರೆಗೆ ಹಾರೆ ತೂತು ಮಾಡಿತ್ತು. ಅಟ್ಟದ ಮೇಲೆ ಟ್ರಂಕಿನಲ್ಲಿ ಧಾರೆ ಸೀರೆ ಇತ್ತು. ಬಿದಿರೇಣಿ ಒರಗಿಸಿ, ಸಿದ್ದನನ್ನ ಏಣಿ ಬುಡದಲ್ಲಿ ನಿಲ್ಲಿಸಿದಳು. ಅದು ಜಾರೋ ಏಣಿ. "ನಾನು ಇಳಿಯೋ ತನಕ ಏಣಿ ಬಿಡಬೇಡ. ಏನೇ ಆಗ್ಲಿ, ಕೈ ಬಿಡಬೇಡ" ಅಂದು ಮೇಲೆ ಹತ್ತಿದಳು.

ಹತ್ತಿ ಟ್ರಂಕು ಎಳೆದು, ಧೂಳು ಕೊಡವಿ, ಅಲ್ಲೇ ಬಗ್ಗಿ ಬಗ್ಗಿ ಸೀರೆ ಉಟ್ಟಳು. ಉಟ್ಟು ಮುಗಿಸೋ ಹೊತ್ತಿಗೆ ಬೀದಿಯಿಂದ ಚೌಡಮ್ಮನ ದನಿ ಬಂತು. "ಪುಟ್ಟೀರವ್ವ, ನಿಮ್ಮಣ್ಣ ಅತ್ತಿಗೆ ಬಸ್ಸಿಳಿದವ್ರೆ. ನಾನು ನೀರಿಗೆ ಹೋಯ್ತಾ ಇವ್ನಿ, ಕಳ್ಸು ನಿನ್ನ ಮಗನ್ನ."

ಪುಟ್ಟೀರಮ್ಮನಿಗೆ ಗಾಬರಿ. ಗಾಬರೀಲಿ ಮಾತು ಹಿಂದೆಮುಂದೆ ನೋಡೋದಿಲ್ಲ. "ಓಡ್ಲಾ ಸಿದ್ದ, ಎದುರಿಗೆ ಹೋಗಿ ಕರ್ಕೊಂಡು ಬಾ" ಅಂತ ಅಟ್ಟದ ಮೇಲಿಂದಲೇ ಕೂಗಿದಳು.

ಸಿದ್ದ ಓಡಿದ. ಏಣಿ ಬಿಡಬೇಡ ಅಂದಿದ್ದಳು. ಬಿಡಲಿಲ್ಲ. ಹೆಗಲ ಮೇಲೆ ಹೊತ್ತುಕೊಂಡು ಓಡಿದ. ದಾರಿ ಬಿಡಿ ದಾರಿ ಬಿಡಿ ಅನ್ನೋ ಕೂಗು ದೂರ ಹೋಗ್ತಾ ಇರೋದು ಕೇಳಿ ಪುಟ್ಟೀರಮ್ಮ ಅಟ್ಟದ ಬಾಯಿಗೆ ಬಂದು ಕೆಳಗೆ ನೋಡಿದಳು. ಏಣಿ ಇರಲಿಲ್ಲ. ತಲೆ ಮೇಲೆ ಕೈ ಹೊತ್ತು ಅಲ್ಲೇ ಕೂತಳು.

ಬಸ್ಸು ನಿಲ್ಲೋ ಕಡೆ ನಡೆದದ್ದು ಅವಳಿಗೆ ಆಮೇಲೆ ತಿಳೀತು. ಜವರಯ್ಯ ಚೀಲ ಹಿಡಿದು ನಿಂತಿದ್ದಾನೆ. ಸಾಕಮ್ಮ ಬಾಳೆಗೊನೆಯ ಒಂದು ಚಿಪ್ಪು ಹಿಡಿದು ನಿಂತಿದ್ದಾಳೆ. ಅಳಿಯ ಅಡ್ಡಕಡ್ಡಿ ಕಟ್ಟಿದ ಎರಡು ಬಿದಿರ ಗಳು ಹೆಗಲ ಮೇಲೆ ಹೊತ್ತುಕೊಂಡು, ಬೆವರು ಸುರಿಸ್ತಾ, ಜನರನ್ನ ಸರಿಸ್ತಾ ಬಂದ.

"ನಿಮ್ಮವ್ವ ಎಲ್ಲಿ ಮಗ?" ಅಂದ ಜವರಯ್ಯ.

"ಮೇಲೆ ಹೋದ್ಲು."

ಜವರಯ್ಯನ ಕೈಯಿಂದ ಚೀಲ ಜಾರಿತು. "ಯಾವಾಗ್ಲಾ?"

"ಈಗ್ತಾನೆ."

"ಹತ್ರ ಯಾರಿದ್ರು?"

"ನಾನೊಬ್ನೇ ಇದ್ದೆ."

"ಹೋಗೋ ಮುಂಚೆ ಏನಾದ್ರೂ ಹೇಳಿದ್ಲಾ?"

"ಕೈ ಬಿಡಬೇಡ ಅಂದ್ಲು" ಅಂದ ಸಿದ್ದ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿದ. ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ.

ಜವರಯ್ಯ ಬಿದಿರು ನೋಡಿದ, ಹುಡುಗನ ಮುಖ ನೋಡಿದ. ಚಟ್ಟಕ್ಕೆ ಬಿದಿರನ್ನೂ ಈ ಮಗುವೇ ಹೊರಬೇಕಾಯ್ತಲ್ಲ ಅಂತ ರಸ್ತೇಲೇ ಕುಸಿದು ಕೂತ. ಸಾಕಮ್ಮ ಬಾಳೆಹಣ್ಣು ಕಂಕುಳಿಗೆ ಇಟ್ಟುಕೊಂಡು ಬಾಯಿ ಬಡಿದುಕೊಳ್ಳೋಕೆ ಶುರು ಮಾಡಿದಳು.

ಅಟ್ಟದ ಮೇಲೆ ಕೂತಿದ್ದ ಪುಟ್ಟೀರಮ್ಮನಿಗೆ ಅಳೋ ದನಿ ಕೇಳಿಸ್ತು. ಅಯ್ಯೋ ಪಾಪ, ಯಾರು ಹೋದರೋ, ಇವತ್ತೇ ಆಗಬೇಕಾ ಅಂದುಕೊಂಡಳು. ದನಿ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಬಂದು ಅವಳ ಮನೆಯೊಳಗೇ ನುಗ್ಗಿತು. ಹೆಣ ಎಲ್ಲಿ ಅಂತ ಕಣ್ಣೆತ್ತಿ ನೋಡೋ ಧೈರ್ಯ ಸಾಲದೆ ಅಣ್ಣ ಕಂಬಕ್ಕೆ ತಲೆ ಒರಗಿಸಿ, "ಪುಟ್ಟೀರಿ, ನಾನು ಬರೋವರೆಗೂ ತಡ್ಕೋಬಾರದಾಗಿತ್ತಾ" ಅಂತ ಗೋಳಾಡಿದ. ಆಗ ಅವಳಿಗೆ ಹೊಳೀತು, ಸತ್ತಿರೋದು ತಾನೇ ಅಂತ.

ಕೂಗಬಹುದಿತ್ತು. ಬಾಯಿ ತೆಗೆದಳು ಕೂಡ. ಆದರೆ ಗಂಡ ಹೋದ ಮೇಲೆ ಅವಳಿಗೋಸ್ಕರ ಯಾರೂ ಅತ್ತಿರಲಿಲ್ಲ. ಅಟ್ಟದ ಬಾಯಿಗೆ ಕಿವಿಗೊಟ್ಟು ಅಣ್ಣ ಅಳೋದು ಕೇಳಿದಳು. ಇನ್ನೊಂದು ಚೂರು ಅಳಲಿ ಅಂತ ಸುಮ್ಮನಾದಳು.

ಅಷ್ಟರಲ್ಲಿ ಸಾಕಮ್ಮ ಹಾಡಿಕೊಂಡು ಅಳೋಕೆ ಕೂತಳು. "ಮಗನ್ನ ಸಾಕೋದು ಬರಲಿಲ್ವಲ್ಲೇ ನನ್ನ ನಾದಿನಿ, ಬಸ್ಸಲ್ಲಿ ಬರೋವಾಗ್ಲೇ ಕೇಳ್ದೆ, ಊರೆಲ್ಲ ನಗೋವಂಥ ಪೆದ್ದನ್ನ ಮಾಡಿ ಇಟ್ಯಲ್ಲೇ ನನ್ನ ನಾದಿನಿ, ಅದೇ ಕೊರಗಲ್ಲಿ ಹೊಂಟೋದ್ಯಲ್ಲೇ." ಅತ್ತು, ಮೂಗು ಒರೆಸಿಕೊಂಡು, ಅಡಿಗೆ ಮೂಲೆ ಕಡೆ ನೋಡಿ, ಅಳು ನಿಲ್ಲಿಸಿ ಗಂಡನ ಕಿವಿ ಹತ್ತಿರ ಬಗ್ಗಿದಳು. "ಆ ಹಿತ್ತಾಳೆ ಕೊಳಗ ನಿಮ್ಮವ್ವಂದಲ್ವಾ? ಹೋಗೋವಾಗ ತಗೊಂಡು ಹೋಗೋಣ." ಅಂದು ಎದ್ದು ಕೊಳಗಕ್ಕೆ ಕೈ ಹಾಕಿದಳು.

"ನಮ್ಮವ್ವ ಅದನ್ನ ನನಗೆ ಕೊಟ್ಟಿದ್ದು ಅತ್ತಿಗೆ" ಅಂತ ಮೇಲಿಂದ ಮಾತು ಬಂತು. "ಕೈ ತೆಗೀರಿ."

ಸಾಕಮ್ಮ ಕತ್ತೆತ್ತಿದಳು. ಅಟ್ಟದ ಕಿಂಡೀಲಿ ಒಂದು ಮುಖ. ಮುಖದ ತುಂಬ ಬಿಳೀ ಧೂಳು, ತಲೆ ತುಂಬ ಜೇಡರ ಬಲೆ, ಮೈ ಮೇಲೆ ಧಾರೆ ಸೀರೆ. ಕೊಳಗ ಒಂದು ಕಡೆ, ಸಾಕಮ್ಮ ಒಂದು ಕಡೆ, ಬಾಳೆಹಣ್ಣು ಒಂದು ಕಡೆ ಬಿದ್ದವು. ಜವರಯ್ಯ ಎರಡೂ ಕೈ ಎತ್ತಿ ಅಟ್ಟಕ್ಕೆ ಮುಗಿದ.

"ಸಿದ್ದ, ಏಣಿ ಒರಗಿಸ್ಲಾ" ಅಂದಳು ಪುಟ್ಟೀರಮ್ಮ. ಸಿದ್ದ ಒರಗಿಸಿದ. ಅಲ್ಲೀವರೆಗೂ ಅವನು ಅದನ್ನ ಹೆಗಲಿಂದ ಇಳಿಸಿರಲಿಲ್ಲ.

ಕೆಳಗೆ ಬಂದವಳೇ ಮಗನ ಕಿವಿ ಹಿಂಡಿದಳು. "ಅಟ್ಟದ ಮೇಲವ್ಳೆ ಅನ್ನೋಕೆ ನಿನಗೆ ಏನು ಬಂದಿತ್ತು ರೋಗ?"

"ಅಟ್ಟದ ಮೇಲೆ ಅಂದಿದ್ರೆ ಒಂದು ಮಾತು ಹೆಚ್ಚಿಗೆ ಆಗ್ತಿತ್ತಲ್ಲವ್ವ" ಅಂದ ಅವನು.

ಸಾಕಮ್ಮನ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದರು. ಎದ್ದವಳು ನಾಚಿಕೆಗೆ ಸಿಟ್ಟಾದಳೋ, ಸಿಟ್ಟಿಗೆ ನಾಚಿದಳೋ, ಅಂತೂ ಹುಡುಗನ ಮೇಲೆ ಹರಿಹಾಯ್ದಳು. ಪೆದ್ದ ಅಂದಳು, ಗುಗ್ಗು ಅಂದಳು, ಮಡ್ಡಿತಲೆ ಅಂದಳು. ಅದರಲ್ಲಿ ಪುಟ್ಟೀರಮ್ಮ ದಿನಾ ಅನ್ನದ ಮಾತು ಒಂದೂ ಇರಲಿಲ್ಲ. ಆದರೂ ಬೇರೆಯವರ ಬಾಯಲ್ಲಿ ಕೇಳೋವಾಗ ಒಂದೊಂದು ಮಾತೂ ಚುಚ್ಚಿತು. "ನನ್ನ ಮಗನ್ನ ಬೈಯೋಕೆ ನಾನಿದೀನಿ ಅತ್ತಿಗೆ" ಅಂದಳು.

ಜವರಯ್ಯ ನಡುವೆ ಬಂದ. "ಅಲ್ಲ ಕಣೆ, ಈ ಹುಡುಗ ಏಣಿ ಹೊತ್ಕೊಂಡು ಬಸ್ಸಿನ ತನಕ ಓಡಿ ಬಂದು ವಾಪಸ್ ಹೊತ್ಕೊಂಡು ಬಂದವ್ನೆ. ಒಂದು ಸಲ ಕೆಳಗಿಡಲಿಲ್ಲ. ಎಂಥ ಮೈ, ಎಂಥ ಚುರುಕು."

ಸಾಕಮ್ಮ ಹುಡುಗನನ್ನ ಎತ್ತು ಕೊಳ್ಳೋರ ಹಾಗೆ ಮೇಲಿಂದ ಕೆಳಗೆ ನೋಡಿದಳು. ಕೊಟ್ಟಿಗೆ ನೆನಪಾಯ್ತೋ ಏನೋ, ದನಿ ಇಳಿಸಿದಳು. "ಹೇಳಿದ್ದು ಮಾಡ್ತಾನೆ ತಾನೇ? ಹಂಗಾದ್ರೆ ತಪ್ಪು ಹುಡುಗಂದಲ್ಲ. ಹೇಳೋರಿಗೆ ಹೇಳೋದು ಬರಬೇಕು. ನಿನಗೆ ಬರಲ್ಲ ಪುಟ್ಟೀರಿ. ನನ್ನ ಕೈಲಿ ಆರು ತಿಂಗಳು ಇರ್ಲಿ, ಹೆಂಗೆ ತಿದ್ತೀನಿ ನೋಡು."

ಆ ಮಾತು ಪುಟ್ಟೀರಮ್ಮನಿಗೆ ಸರಿಯಾಗಿ ನಾಟಿತು. ಇಷ್ಟು ವರ್ಷ ಹೆಣಗಿದ್ದು ತಾನು, ಹೇಳೋದು ಬರಲ್ಲ ಅನ್ನಿಸಿಕೊಂಡದ್ದೂ ತಾನು. ಕೊಡೋಲ್ಲ ಅನ್ನಬೇಕು ಅಂತ ನಾಲಿಗೆ ತುದಿಗೆ ಬಂದಿದ್ದು ಹಿಂದಕ್ಕೆ ಹೋಯ್ತು. "ಸರಿ ಅತ್ತಿಗೆ" ಅಂದಳು. "ಕರ್ಕೊಂಡು ಹೋಗಿ. ನೀವೇ ಹೇಳಿ ನೋಡಿ."

ಮಾರನೇ ದಿನ ಬಸ್ಸಿಗೆ ಹತ್ತಿಸೋಕೆ ಹೋದಳು. ಅವನ ಎರಡು ಚಡ್ಡಿ, ಎರಡು ಅಂಗಿ, ಒಂದು ಗಂಟು ಪುರಿ. ಸಿದ್ದ ಬಸ್ಸಿನ ಮೆಟ್ಟಿಲು ಹತ್ತೋದು ಇಳಿಯೋದು ಮಾಡ್ತಾ ಇದ್ದ. ಹಿಡಿದು ನಿಲ್ಲಿಸಿದಳು. ಬಿಟ್ಟರೆ ಸಾಯಂಕಾಲಕ್ಕೆ ಓಡಿ ಬಂದುಬಿಡ್ತಾನೆ ಅಂತ ಅವಳಿಗೆ ಗೊತ್ತು. ಓಡಿ ಬಂದರೆ ಅತ್ತಿಗೆ ಮುಂದೆ ತಲೆ ಎತ್ತೋ ಹಾಗಿಲ್ಲ, ಮಗನಿಗೆ ಹಾಲು ಮೊಸರೂ ಇಲ್ಲ.

"ಅತ್ತೆ ಏನು ಹೇಳ್ತಾರೋ ಅದನ್ನ ಮಾಡು. ಎದುರು ಮಾತಾಡಬೇಡ" ಅಂದಳು. ಆಮೇಲೆ ಗಡುಸಾಗಿ ಅಂದಳು. "ನೆನಪಿಟ್ಕೋ, ಈ ಊರ ಕಡೆ ಮುಖ ಹಾಕಬೇಡ. ಹಾಕಿದ್ರೆ ನಾನು ಸುಮ್ಮನಿರಲ್ಲ."

"ಗೊತ್ತಾಯ್ತು ಕಣವ್ವ."

ಬಸ್ಸು ಹೊರಟಿತು. ಪುಟ್ಟೀರಮ್ಮ ಧೂಳಲ್ಲಿ ನಿಂತು ನೋಡಿದಳು. ಕಿಟಕೀಲಿ ಅವನ ತಲೆ ಕಂಡಿತು. ತಲೆ ಮುಂದಕ್ಕೇ ಇತ್ತು. ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ. "ನೋಡು, ಹೊತ್ತು ಹೆತ್ತವಳನ್ನ ತಿರುಗಿ ಕೂಡ ನೋಡಲಿಲ್ಲ ಕಲ್ಲುಮುಂಡೇದು" ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಮನೆ ತಣ್ಣಗಾಯ್ತು. ಇಟ್ಟ ಸಾಮಾನು ಇಟ್ಟ ಕಡೆ ಇರೋದು. ಮಡಕೆ ಒಡೆಯೋರಿಲ್ಲ, ಸೀರೆ ಹರಿಯೋರಿಲ್ಲ. ಚೌಡಮ್ಮ ಬಂದು, "ಈಗ ಆರಾಮಾ?" ಅಂತ ಕೇಳಿದಳು. "ಆರಾಮಿಲ್ದೆ ಏನು? ಪೀಡೆ ತೊಲಗ್ತು" ಅಂದಳು ಪುಟ್ಟೀರಮ್ಮ. ಅಂದು ಸ್ವಲ್ಪ ಹೊತ್ತಿಗೆ ಹೇಂಟೆಯನ್ನ ಹಿಡಿದು ಬೈಯೋಕೆ ಶುರು ಮಾಡಿದಳು. ಅಷ್ಟಗಲ ಹಿತ್ತಿಲಿರೋವಾಗ ಇಲ್ಲೇ ಯಾಕೆ ಕೆರೀತೀಯ, ಯಾರು ಹೇಳಿದ್ರು ನಿನಗೆ ಕೆರೆಯೋಕೆ ಅಂತ. ಹೇಂಟೆ ಕಿವಿಗೆ ಹಾಕ್ಕೊಳ್ಳಲಿಲ್ಲ. ಹೇಳಿದ ಮಾತು ಕೇಳೋರು ಮನೇಲಿ ಒಬ್ಬರೂ ಇಲ್ಲ ಅಂತ ಅವಳಿಗೆ ಅವತ್ತು ಅನ್ನಿಸ್ತು. ರಾತ್ರಿ ಎರಡು ಮುದ್ದೆ ಕಟ್ಟಿ, ಒಂದನ್ನ ಬೆಳಿಗ್ಗೆ ಚೌಡಮ್ಮನ ಹಸುವಿಗೆ ಹಾಕೋಳು.

ಒಂದು ತಿಂಗಳಾಗಿರಬೇಕು. ಒಂದು ಸಂಜೆ ಪುಟ್ಟೀರಮ್ಮ ಪುರಿ ಹುರೀತಾ ಇದ್ದಳು. ಬೀದೀಲಿ ಗಲಾಟೆ ಕೇಳಿಸ್ತು. ಹುಡುಗರು ಕೇಕೆ ಹಾಕ್ತಾ ಇದ್ದರು, ನಾಯಿಗಳು ಯಾವ ಕಡೆ ಬೊಗಳಬೇಕು ಅಂತ ತಿಳೀದೆ ಸುತ್ತಾಡ್ತಾ ಇದ್ದವು. ಚೌಡಮ್ಮ ಏದುಸಿರು ಬಿಡ್ತಾ ಬಂದಳು.

"ಪುಟ್ಟೀರವ್ವ, ನಿನ್ನ ಮಗ ಬತ್ತಾವ್ನೆ. ಬರೋದು ನೋಡು ಬಾ."

ಬೀದಿಗೆ ಬಂದು ನೋಡಿದಳು. ಕೆರೆ ಕಡೆಯಿಂದ ಸಿದ್ದ ಬರ್ತಾ ಇದ್ದ. ಮುಂದೆ ಬೆನ್ನು, ಹಿಂದೆ ಮುಖ. ಒಂದೊಂದು ಹೆಜ್ಜೇನೂ ಹಿಂದಕ್ಕೆ ಇಡ್ತಾ, ಕಲ್ಲು ಕಾಲಿಗೆ ಸಿಕ್ಕರೆ ಎಡವಿ, ಎದ್ದು, ಮತ್ತೆ ಹಿಂದಕ್ಕೆ ಇಡ್ತಾ ಬಂದ. ಬಂದು ಬೆನ್ನಿಂದ ಚಪ್ಪರದ ಕಂಬಕ್ಕೆ ಡಿಕ್ಕಿ ಹೊಡೆದು ನಿಂತ. ಮುಖ ಇನ್ನೂ ಹಾಲಗೆರೆ ಕಡೆಗೇ ಇತ್ತು.

"ಬಂದೆ ಕಣವ್ವ" ಅಂದ, ಹಾಲಗೆರೆಗೆ ಹೇಳಿದ ಹಾಗೆ.

ಪುಟ್ಟೀರಮ್ಮನಿಗೆ ಕೈಲಿದ್ದ ಜಾಲರಿ ಎಲ್ಲಿ ಇಡಬೇಕೋ ತಿಳೀಲಿಲ್ಲ. "ಇದ್ಯಾಕ್ಲಾ ಹಿಂಗೆ ಬಂದೆ?"

"ಈ ಊರ ಕಡೆ ಮುಖ ಹಾಕಬೇಡ ಅಂದಿದ್ಯಲ್ಲ. ಹಾಕಲಿಲ್ಲ. ಅಲ್ಲಿಂದ ಇಲ್ಲೀ ತನಕ ಒಂದು ಸಲ ಹಾಕಲಿಲ್ಲ."

"ಮತ್ತೆ ಯಾಕೆ ಬಂದೆ ಅಂತ ಕೇಳಿದ್ದು."

"ಅತ್ತೆ ಹೋಗು ಅಂದ್ರು. ನಿಮ್ಮವ್ವನ ಹತ್ರಾನೇ ಹೋಗಿ ಬೀಳು ಅಂದ್ರು. ಅವರು ಹೇಳಿದ್ದು ಮಾಡು ಅಂತ ನೀನೇ ಹೇಳಿದ್ದೆ."

"ಅಲ್ಲೇನು ಮಾಡಿದ್ಯೋ ಪೆದ್ದು ಮುಂಡೇದೇ?"

"ಹೇಳಿದ್ದನ್ನೇ ಮಾಡ್ದೆ ಕಣವ್ವ. ಎಮ್ಮೆಗೆ ನೀರು ತೋರಿಸ್ಕೊಂಡು ಬಾ ಅಂದ್ರು. ಕೆರೆ ಏರಿ ಮೇಲೆ ನಿಲ್ಲಿಸಿ, ನೋಡು ಅಂತ ತೋರಿಸಿ, ಹಿಂದಕ್ಕೆ ಹೊಡ್ಕೊಂಡು ಬಂದೆ. ಮಾರನೇ ದಿನಾನೂ ತೋರಿಸ್ದೆ. ಅದು ನೀರಿನ ಹತ್ರ ಹೋಗ್ತೀನಿ ಅಂತ ಎಳೆಯೋದು, ನಾನು ಬಿಡ್ತಾನೇ ಇರಲಿಲ್ಲ. ಇನ್ನೂ ಒಂದು ದಿನ ತೋರಿಸ್ದೆ. ಎಮ್ಮೆ ಹಾಲು ನಿಲ್ಲಿಸ್ತು. ಅತ್ತೆ ಬಂದು ಏರಿ ಮೇಲೆ ನೋಡಿದ್ರು. ನೋಡಿ ಅಲ್ಲೇ ಕೂತ್ಬುಟ್ರು."

ಪುಟ್ಟೀರಮ್ಮ ತಡೆದಳು, ತಡೆದಳು, ಆಮೇಲೆ ತಡೆಯೋಕೆ ಆಗಲಿಲ್ಲ. ಒಲೆ ಮುಂದೆ ಕುಕ್ಕರಿಸಿ ಕೂತು, ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳು. "ತಿದ್ದಿದ್ಲಂತೆ ಕಣೆ ಚೌಡಮ್ಮ, ನಮ್ಮತ್ತಿಗೆ ತಿದ್ದಿದ್ಲಂತೆ. ಇಷ್ಟು ವರ್ಷ ನಾನು ತಿದ್ದಿದ್ದಕ್ಕೆ ಸೀರೆ ಹೋಯ್ತು, ಮೊಟ್ಟೆ ಹೋಯ್ತು. ಅವಳಿಗೆ ಒಂದೇ ತಿಂಗಳಲ್ಲಿ ಎಮ್ಮೆ ಹಾಲೇ ಹೋಯ್ತು." ನಗ್ತಾ ನಗ್ತಾ ಬಾಣಲೇಲಿದ್ದ ಪುರಿ ಕಪ್ಪಾಯ್ತು. ಈ ಸಲ ಅವಳು ಯಾರನ್ನೂ ಬೈಯಲಿಲ್ಲ.

ನಗು ಮುಗಿದ ಮೇಲೆ ನೋಡಿದಳು. ಹುಡುಗ ಇನ್ನೂ ಅವಳಿಗೆ ಬೆನ್ನು ಹಾಕ್ಕೊಂಡೇ ನಿಂತಿದ್ದಾನೆ. ತಿರುಗು ಅಂತ ಅವನ ಭುಜ ಹಿಡಿದು ಎಳೆದಳು. ಅವನು ಕಂಬ ಹಿಡಿದು ಬಿಗಿಯಾದ. ಬೇರೆ ದಾರಿಯಿಲ್ಲದೆ ತಾನೇ ಸುತ್ತಿ ಹೋಗಿ ಅವನೆದುರಿಗೆ ನಿಂತಳು. ಮುಖ ಬಿಸಿಲಿಗೆ ಕರ್ರಗಾಗಿತ್ತು, ಮೊಣಕೈ ಎರಡೂ ತರಚಿತ್ತು. ಅವಳನ್ನ ಕಂಡದ್ದೇ ಹಲ್ಲೆಲ್ಲ ಬಿಟ್ಟು ನಕ್ಕ.

"ನಗ್ತೀಯಲ್ಲೋ ಗುಗ್ಗು" ಅಂದಳು. ದನಿ ಗಡುಸಾಗೋಕೆ ಒಪ್ಪಲಿಲ್ಲ. "ಕೇಳು, ಮುಖ ಹಾಕಬೇಡ ಅಂದಿದ್ದು ನಾನು ಬಿಟ್ಟೆ. ಇನ್ಮೇಲೆ ಹಾಲಗೆರೇನೂ ಬೇಡ, ಯಾವ ಗೆರೇನೂ ಬೇಡ. ಎಲ್ಲೇ ಹೋಗು, ಏನೇ ಮಾಡು, ಮುಖ ನಮ್ಮನೆ ಕಡೆಗೇ ಇರಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಕಣವ್ವ" ಅಂದು ಸಿದ್ದ ಗಿರ್ರನೆ ತಿರುಗಿ ಮನೆ ಕಡೆ ಮುಖ ಮಾಡಿದ.

"ಹೋಗು, ಹಿತ್ತಿಲ ತೊಟ್ಟೀಲಿ ಕೈಕಾಲು ತೊಳ್ಕೊಂಡು ಬಾ. ಮುದ್ದೆಗೆ ನೀರಿಡ್ತೀನಿ" ಅಂದು ಒಳಗೆ ಹೋದಳು. ಹೋದವಳಿಗೆ ಏನೋ ಅನುಮಾನ ಬಂತು. ಹಿತ್ತಿಲ ಬಾಗಿಲಿಗೆ ಓಡಿ ಬಂದಳು.

ಸಿದ್ದ ತೊಟ್ಟಿ ಕಡೆ ಹೋಗ್ತಾ ಇದ್ದ, ಹಿಂದಕ್ಕೆ ಹೆಜ್ಜೆ ಇಡ್ತಾ, ಕಣ್ಣು ಮನೆ ಬಾಗಿಲ ಮೇಲೆ ಇಟ್ಟು. ಅವನಿಗೂ ತೊಟ್ಟಿಗೂ ನಡುವೆ ಚೌಡಮ್ಮನ ಹಸುವಿಗೆ ಅಂತ ಇಟ್ಟಿದ್ದ ಕಲಗಚ್ಚಿನ ಬಾನಿ. ಮೂರು ದಿನದ ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ಅದರಲ್ಲಿ ಹುಳಿ ಬಂದು ನೊರೆ ಕಟ್ಟಿತ್ತು.

"ನಿಲ್ಲೋ" ಅಂದಳು ಅವಳು.

ಸಿದ್ದ ಕೇಳಿದ. ಅವ್ವನ ಮಾತು ಕೇಳದೆ ಇರೋನಲ್ಲ. ಆದರೆ ಅಷ್ಟು ಹೊತ್ತಿಗೆ ಒಂದು ಕಾಲು ಗಾಳೀಲಿತ್ತು. ಅದನ್ನ ಗಾಳೀಲೇ ನಿಲ್ಲಿಸಿದ. ನಿಲ್ಲಿಸಿದವನು ವಾಲಿದ, ವಾಲಿ ಬಾನಿಯೊಳಗೆ ಕೂತ. ಕುತ್ತಿಗೆ ತನಕ ಕಲಗಚ್ಚು, ತಲೆ ಮೇಲೆ ಬಾಳೆಕಾಯಿ ಸಿಪ್ಪೆ.

ಮುಖ ಮಾತ್ರ ಮನೆ ಕಡೆಗೇ ಇತ್ತು.